ವಾಲ್ಯೂಮ್ ಏರಿಸಿದ್ರ ಶ್ರುತಿ ಯಾಕ ಜಾರತೈತಿ?

ಹೋದ ವಾರ ಮುದ್ದೇಬಿಹಾಳದಿಂದ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. "ಅಣ್ಣಾ, ವಿಡಿಯೋ ನೋಡಿ ಸಿಂಥ್ ಬೋರ್ಡ್ ಮಾಡೀನಿ, ಬರೀ ಗುರ್ ಅಂತೈತಿ. ಐಸಿ ಸುಟ್ಟೈತೇನು?" ಬಹುಶಃ ಸುಟ್ಟಿಲ್ಲ. ನನ್ನ ಬೋರ್ಡೂ ಒಮ್ಮೆ ಕೈಕೊಟ್ಟಿತ್ತು, ಅದೂ ಮಂದಿ ಮುಂದ. ಮೊದಲು ಅದನ್ನ ಹೇಳತೀನಿ.

ಸಿಂದಗಿ ಕಡೆ ಒಂದು ಹಳ್ಳಿಯಲ್ಲಿ ನಮ್ಮ ಕಾಕಾ ಭಜನಿ ಮೇಳದಾಗ ತತ್ವಪದ ಹಾಡತಾರ. ಹಾರ್ಮೋನಿಯಂ ನುಡಿಸೋರು ಮಗನ ಹತ್ರ ಪುಣೆಗೆ ಹೋದ ಮೇಲೆ ಶ್ರುತಿ ಕೊಡೋರೇ ಇಲ್ಲ. "ಮೊಬೈಲ್‌ನಾಗ ತಂಬೂರಿ ಆಪ್ ಐತಲ್ರೀ ಕಾಕಾ" ಅಂದೆ. "ಪದದ ನಡುವ ಫೋನ್ ಬಂದ್ರ?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. 1979ರಲ್ಲೇ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ರು. ಅವರು ಕೊಳಲು ನುಡಿಸೋರು, ಎಂಜಿನಿಯರ್ ಕೂಡ. ನಾನು ಎರಡೂ ಅಲ್ಲ, ಬಿ.ಕಾಂ. ಆದ್ರೂ ಎರಡು ಸ್ವರದ ಡಬ್ಬಿ ಮಾಡಬಹುದು ಅನಿಸ್ತು.

ಹಾಕಿದ್ದು ಸಿಡಿ40106 ಐಸಿ. ಅದರಾಗ ಆರು ಗೇಟ್ ಇರ್ತಾವ. ಒಂದು ಗೇಟಿಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಕೊಟ್ರೆ ಒಂದು ಸ್ವರ. ಮನೆ ಮೇಲಿನ ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಇರೋದಿಲ್ಲೇನು, ಹಂಗ: ಕೆಪಾಸಿಟರ್ ಒಂದು ಮಟ್ಟಕ್ಕೆ ತುಂಬಿದ ಕೂಡಲೇ ಗೇಟ್ ಉಲ್ಟಾ ಹೊಡೀತದ, ಖಾಲಿ ಆಗತದ, ಮತ್ತ ತುಂಬತದ. ಸೆಕೆಂಡಿಗೆ ಸುಮಾರು 139 ಸಲ ಹಿಂಗಾದ್ರ ಕಾಕಾನ ಸಾ, ಕಾಳಿ ಒಂದು. ಅದರ ಒಂದೂವರೆ ಪಟ್ಟು, 208, ಪಾ. ಸಪ್ಪಳ ಹೊರಗೆ ಬರಲಿಕ್ಕೆ ಎಲ್‌ಎಂ386 ಆಂಪ್, ಸಣ್ಣ ಸ್ಪೀಕರ್. ಎಲ್ಲಕ್ಕೂ ಸೇರಿ ಒಂದು 9 ವೋಲ್ಟಿನ ಚೌಕ ಬ್ಯಾಟರಿ. ಇಂಡಿಯಲ್ಲಿ, ನನ್ನ ಕೋಣೆಯಲ್ಲಿ, ಸಣ್ಣ ಸಪ್ಪಳದಾಗ ಛಲೋ ನುಡೀತು.

ಶ್ರಾವಣ ಸೋಮವಾರ. ಗುಡಿ ತುಂಬ ಮಂದಿ. ಕೇಳಸವಲ್ದು ಅಂತ ವಾಲ್ಯೂಮ್ ಏರಿಸಿದೆ. ಸಾ ಮೆಲ್ಲಕ ಜಾರಿತು. ಕಾಕಾ ಎರಡು ನುಡಿ ತಡಕೊಂಡ್ರು, ಆಮೇಲೆ ತಾಳ ಕೆಳಗಿಟ್ರು. "ತಮ್ಮಾ, ನಿನ್ನ ಡಬ್ಬಿ ನನ್ನ ಎಳಕೊಂಡು ಹೊಂಟೈತಿ." ಮಂದಿ ನಕ್ರು. ನಾನು ವೈರ್ ಸುತ್ತಿಕೊಂಡು ಹೊರಗ ಬಂದೆ.

ಮನೆಗೆ ಬಂದು ಮಾಡಿದ ಮೊದಲ ದಡ್ಡ ಕೆಲಸ ಅಂದ್ರ ಐಸಿ ಬದಲಿಸಿದ್ದು. ಏನೂ ಫರಕ್ ಆಗಲಿಲ್ಲ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಲಿಲ್ಲ ಅಂತ ಲೆಡ್ಜರೇ ಬದಲಿಸಿದಂಗ. ಆಮೇಲೆ ಬೋರ್ಡ್ ತಿರುಗಿಸಿ ಬಿಸಿಲಿಗೆ ಹಿಡಿದೆ. ಪಾ ಸ್ವರದ ಪ್ರೀಸೆಟ್ ಕಾಲಿಗೆ ಬೆಸುಗೆ ಸರಿ ಹಿಡಿದಿರಲಿಲ್ಲ, ಸುತ್ತ ಕೂದಲೆಳೆಯಷ್ಟು ಬಿರುಕು. ಸಿಕ್ತು ಅಂದುಕೊಂಡೆ, ಮತ್ತೆ ಬೆಸುಗೆ ಹಾಕಿದೆ. ಜಾರೋದು ನಿಲ್ಲಲಿಲ್ಲ. ಅದು ಬ್ಯಾರೆ ತಪ್ಪು.

ಕೊನೆಗೆ, ಮೊದಲೇ ಮಾಡಬೇಕಿದ್ದ ಕೆಲಸ. ಮಲ್ಟಿಮೀಟರ್‌ನ ಎರಡು ಕಡ್ಡಿ 40106ರ 14 ಮತ್ತು 7ನೇ ಕಾಲಿಗೆ. ವಾಲ್ಯೂಮ್ ಸೊನ್ನೆ ಇದ್ದಾಗ 8.9 ವೋಲ್ಟ್. ಏರಿಸಿದ್ರ 7.8, ಅಲ್ಲೂ ನಿಲ್ಲದೆ ಕುಣೀತಿತ್ತು. ಸ್ಪೀಕರಿಗೆ ಬೇಕಾದ ಕರೆಂಟು ಆ ಸಣ್ಣ ಬ್ಯಾಟರಿ ಕೊಡಲಾರದು, ವೋಲ್ಟೇಜ್ ಕುಸೀತದ. ಗೇಟ್ ಉಲ್ಟಾ ಹೊಡಿಯೋ ಮಟ್ಟ ನಿಂತಿರೋದೇ ಆ ವೋಲ್ಟೇಜ್ ಮೇಲೆ. ಮಟ್ಟ ಕದಲಿದ್ರ ಸ್ವರ ಕದಲತದ. ಫೋನಿನ ಟ್ಯೂನರ್ ಆಪ್‌ನಾಗ ನೋಡಿದೆ: 139 ಇದ್ದದ್ದು 143.

ಪರಿಹಾರ ಸಣ್ಣದು. ಬಸವನ ಬಾಗೇವಾಡಿಯಲ್ಲಿ ಟಿವಿ ರಿಪೇರಿ ಮಾಡೋ ಅಜ್ಜ ಒಬ್ಬರು ಹಳೇ ಸೆಟ್ಟಿನಿಂದ ಕಿತ್ತ 7805 ಕೊಟ್ರು, ರೊಕ್ಕ ತಗೊಳ್ಳಲಿಲ್ಲ. ಅದು 5 ವೋಲ್ಟಿಗೆ ಕಟ್ಟಿಹಾಕತದ. ಅದನ್ನ 40106ಕ್ಕೆ ಮಾತ್ರ ಕೊಟ್ಟೆ, ಆಂಪಿಗೆ ನೇರ 9. ಐಸಿಯ 14 ಮತ್ತು 7ರ ನಡುವೆ, ಕಾಲಿಗೆ ಹತ್ತಿಕೊಂಡೇ, 104 ಅಂತ ಬರೆದ ಕೆಪಾಸಿಟರ್. ಆಂಪಿನ 6 ಮತ್ತು 4ರ ನಡುವೆ 1000 ಮೈಕ್ರೋಫ್ಯಾರಡ್‌ದು. ಹಳ್ಳಿಯಾಗ ಕರೆಂಟು ಯಾವಾಗ ಹೋಗತದೋ ಗೊತ್ತಿಲ್ಲ, ಹಂಗಾಗಿ ಅಡಾಪ್ಟರ್ ಬಿಟ್ಟು ಟಾರ್ಚಿನ ದೊಡ್ಡ ಸೆಲ್ 6 ಹಾಕಿದೆ. ಆಮೇಲೆ ಎರಡೂ ಸ್ವರ ಹೊಸದಾಗಿ ಕೂಡಿಸಬೇಕಾಯ್ತು. (104 ಮತ್ತು 103 ಕಣ್ಣಿಗೆ ಒಂದೇ ತರ ಕಾಣತಾವ, ಹತ್ತು ಪಟ್ಟು ಫರಕ್. ಸ್ವರದ ಜಾಗದಾಗ ಅದಲು ಬದಲು ಆದ್ರ ತಂಬೂರಿ ಹೋಗಿ ಸೀಟಿ ಆಗತದ. ನನಗ ಆಗೇತಿ.)

ಮುದ್ದೇಬಿಹಾಳದ ಗೆಳೆಯಾ, ನಿಮ್ಮದೂ 40106 ಇದ್ರ, ಬಳಸದ ಇನ್‌ಪುಟ್ ಕಾಲು ಗಾಳ್ಯಾಗ ಬಿಟ್ಟೀರೇನು ನೋಡ್ರಿ. 1, 3, 5, 9, 11, 13 ಇನ್‌ಪುಟ್. ಖಾಲಿ ಇದ್ದವನ್ನ ಗ್ರೌಂಡಿಗೆ ಸೇರಿಸ್ರಿ. ಔಟ್‌ಪುಟ್ ಕಾಲು ಮಾತ್ರ ಎಲ್ಲಿಗೂ ಕಟ್ಟಬ್ಯಾಡ್ರಿ. ಆಮೇಲೆ ಹಳೇ ಸ್ಪೀಕರಿನ ಆಕ್ಸ್ ವೈರ್ ತಗೊಳ್ರಿ: ಗ್ರೌಂಡ್ ಬೋರ್ಡಿನ ಗ್ರೌಂಡಿಗೆ, ಇನ್ನೊಂದು ತುದಿಗೆ ಒಂದು 104 ಕೆಪಾಸಿಟರ್ ಸೇರಿಸಿ ಒಂದೊಂದೇ ಔಟ್‌ಪುಟ್ ಮುಟ್ಟಿಸ್ರಿ. ಸ್ವರ ಎಲ್ಲಿತನಕ ಐತಿ, ಎಲ್ಲಿಂದ ಗುರ್ ಶುರುವಾಗತೈತಿ ತಿಳೀತದ. ಇಯರ್‌ಫೋನ್ ಕಿವಿಗೆ ಹಾಕ್ಕೊಂಡು ಇದನ್ನ ಮಾಡಬ್ಯಾಡ್ರಿ.

ಮುಂದಿನ ಸೋಮವಾರ ಕಾಕಾ ತಾವೇ ವಾಲ್ಯೂಮ್ ಪೂರ್ತಿ ಏರಿಸಿದ್ರು, ಇಳಿಸಿದ್ರು, ಮತ್ತ ಏರಿಸಿದ್ರು. ನನ್ನ ಕಡೆ ನೋಡಲಿಲ್ಲ. ಎರಡು ತಾಸು ಹಾಡಿದ್ರು. ಮಂಗಳಾರತಿ ಆದ ಮೇಲೆ ಕರೆದು ಕೇಳಿದ್ದು ಒಂದೇ: "ಇದಕ್ಕ ಕಾಳಿ ಎರಡು ಹಾಕಾಕ ಬರತೈತೇನು?"

ಅದನ್ನೇ ಈಗ ಮಾಡಾಕತ್ತೀನಿ. ನಿಮ್ಮ ಬೋರ್ಡಿನ ಫೋಟೋ ಕಳಿಸ್ರಿ, ಮುಂದಿನದೂ ಹಿಂದಿನದೂ.