ಹಣವು ಆಳಾಗಿರಲಿ, ಅರಸನಾಗದಿರಲಿ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಕ್ರೈಸ್ತ ಧರ್ಮವು ಬೋಧಿಸುವ ಸಂತುಷ್ಟಿಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಸಂಪತ್ತು ಎಷ್ಟು ಚಂಚಲವಾದುದೆಂಬುದನ್ನು ಕೋವಾಡದವರಿಗೆ ಗ್ರಂಥದಿಂದ ತಿಳಿಸಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ತಾಮ್ರಪರ್ಣಿಯ ನೆರೆ ಇಲ್ಲಿಯ ಪೇಟೆಯನ್ನೇ ಹೊಕ್ಕಿತು. ನೆರೆಯ ನೀರು ಬಡವನ ಗುಡಿಸಲು, ಸಾಹುಕಾರನ ಅಂಗಡಿ ಎಂದು ಭೇದವೆಣಿಸುವುದಿಲ್ಲ.

ಹಾಗಾದರೆ ಗಳಿಕೆಯೇ ಬೇಡವೆ? ಕ್ರೈಸ್ತ ಶಾಸ್ತ್ರವು ಹಾಗೆ ಹೇಳುವುದಿಲ್ಲ. ಸಂತ ಪೌಲನು ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳೊಡನೆ ಗುಡಾರ ಹೊಲಿದು ದುಡಿದವನು. ತಿಮೊಥೆಗೆ ಬರೆದ ಪತ್ರದಲ್ಲಿ ಅವನು ಕೇಡಿನ ಬೇರೆಂದು ಕರೆದದ್ದು ಹಣವನ್ನಲ್ಲ, ಹಣದ ಮೋಹವನ್ನು. ಕತ್ತಿಯು ವೈದ್ಯನ ಕೈಯಲ್ಲಿ ಜೀವವನ್ನುಳಿಸುತ್ತದೆ, ದರೋಡೆಗಾರನ ಕೈಯಲ್ಲಿ ಜೀವವನ್ನು ತೆಗೆಯುತ್ತದೆ. ಹಣವೂ ಹಾಗೆಯೇ, ಹಿಡಿದ ಕೈಯನ್ನು ಪರೀಕ್ಷಿಸಬೇಕು.

ಅದೇ ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿ ಊರಿನವರಿಗೆ ಬರೆದ ಪತ್ರದಲ್ಲಿ, ಸಮೃದ್ಧಿಯಲ್ಲಿಯೂ ಕೊರತೆಯಲ್ಲಿಯೂ ತೃಪ್ತನಾಗಿರುವುದನ್ನು ತಾನು ಕಲಿತುಕೊಂಡೆನೆನ್ನುತ್ತಾನೆ. ಮಕ್ಕಳೇ, 'ಕಲಿತೆ'ನೆಂಬ ಮಾತನ್ನು ಗಮನಿಸಿರಿ. ತೃಪ್ತಿ ಹುಟ್ಟಿನಿಂದ ಬರುವುದಲ್ಲ. ಮಗ್ಗಿಯಂತೆ ದಿನದಿನವೂ ಅಭ್ಯಾಸ ಮಾಡಿ ಕಲಿಯತಕ್ಕದ್ದು. ನೆರೆಮನೆಯ ಹುಡುಗನ ಸೈಕಲ್ಲನ್ನೋ ಮೊಬೈಲನ್ನೋ ಕಂಡು ಮನಸ್ಸು ಕುದಿಯುವಾಗಲೇ ಈ ಪಾಠದ ಪರೀಕ್ಷೆ.

ನಮ್ಮ ಕನ್ನಡ ನಾಡಿಗೂ ಈ ಪಾಠ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಂಡತಿ ಲಕ್ಕಮ್ಮನು ಅದನ್ನು ಆಸೆಯೆಂದು ಎಚ್ಚರಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳಂತೆ. ಪೌಲನ ಸೂಜಿಗೂ ಮಾರಯ್ಯನ ಚೀಲಕ್ಕೂ ನಡುವೆ ಸಾವಿರ ವರುಷಗಳ ಅಂತರವಿದ್ದರೂ ನೀತಿ ಒಂದೇ: ಮೈಮುರಿದು ದುಡಿ, ಸಾಕೆನ್ನುವುದನ್ನು ತಿಳಿ.

ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯವಾಗಿದೆ. ಸಂತುಷ್ಟಿಯೆಂಬುದು ನಮ್ಮ ಆಸೆಗೆ ನಾವು ಹಾಕಿಕೊಳ್ಳುವ ಕಡಿವಾಣ. ಅನ್ಯರ ಹಸಿವಿಗೆ ನಾವು ಹಾಕುವ ಬೀಗವಲ್ಲ. ಕಬ್ಬು ಕಡಿಯುವ ಕೂಲಿಯವನಿಗೆ "ಇದ್ದುದರಲ್ಲಿ ತೃಪ್ತಿಪಡು" ಎಂದು ಉಪದೇಶಿಸಿ ಅವನ ಕೂಲಿಯನ್ನು ತಡೆಹಿಡಿದರೆ ಅದು ಧರ್ಮವಾಗದು. ಕೊಯ್ಲಿನಾಳುಗಳ ಕೂಲಿಯನ್ನು ಹಿಡಿದಿಟ್ಟ ಧನಿಕರನ್ನು ಯಾಕೋಬನ ಪತ್ರವು ಬಹು ಕಠಿಣವಾಗಿ ಖಂಡಿಸಿದೆ. ತೃಪ್ತನಾದವನ ಕೈ ಸಹಜವಾಗಿಯೇ ಸಡಿಲವಾಗಿರಬೇಕು.

ಯೇಸುಸ್ವಾಮಿಯು ಹೇಳಿದ ಸಾಮತಿಯೊಂದರಲ್ಲಿ, ಹುಲುಸಾಗಿ ಬೆಳೆದ ರೈತನೊಬ್ಬನು ಇದ್ದ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಬೇಕೆಂದೆಣಿಸಿದ ರಾತ್ರಿಯೇ ತೀರಿಕೊಳ್ಳುತ್ತಾನೆ. ಬೆಳೆ ಬಂದದ್ದು ಅವನ ತಪ್ಪಲ್ಲ. ತನ್ನ ಬೆಳೆ, ತನ್ನ ಕಣಜವೆಂದು ತನ್ನೊಡನೆಯೇ ಮಾತಾಡಿಕೊಂಡ ಅವನಿಗೆ ದೇವರಾಗಲಿ ನೆರೆಯವನಾಗಲಿ ನೆನಪಾಗಲೇ ಇಲ್ಲ. ಅದೇ ಅವನ ದಾರಿದ್ರ್ಯ.

ಪಾಲಕರಲ್ಲಿ ನನ್ನ ವಿನಂತಿಯಿಷ್ಟೆ. ಕಬ್ಬಿನ ಹಣವೋ ಗೋಡಂಬಿಯ ಹಣವೋ ಕೈಗೆ ಬಂದಾಗ ಮೊದಲು ಸಾಲ ತೀರಿಸಿರಿ, ಆಳಿನ ಕೂಲಿ ಕೊಡಿರಿ, ಮಕ್ಕಳ ವಿದ್ಯೆಗೆ ತೆಗೆದಿಡಿರಿ, ಇಲ್ಲದವರಿಗೂ ಒಂದು ಪಾಲನ್ನಿಡಿರಿ. ನಾಲ್ಕು ಜನರ ಮೆಚ್ಚುಗೆಗಾಗಿ ಸಾಲ ಮಾಡಿ ಮದುವೆಯ ಚಪ್ಪರವನ್ನು ದೊಡ್ಡದು ಮಾಡಬೇಡಿರಿ. ಚಪ್ಪರ ಮೂರು ದಿನದ್ದು, ಬಡ್ಡಿ ಬಹುಕಾಲದ್ದು. ಮನೆಯಲ್ಲಿ ಹಿರಿಯರು ಸಾಕೆನ್ನುವುದನ್ನು ಕೇಳದ ಮಗು ಆ ಮಾತನ್ನು ಶಾಲೆಯಲ್ಲಿ ಕಲಿಯಲಾರದು.

ದೇವರು ನಮಗೆಲ್ಲರಿಗೂ ದುಡಿಯುವ ತೋಳನ್ನೂ ತೃಪ್ತವಾದ ಮನಸ್ಸನ್ನೂ ಕರುಣಿಸಲೆಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.