ಬೀಗವಿರಲಿ, ಕೀಲಿಕೈ ನಮ್ಮಲ್ಲಿರಲಿ
(ಮೈಲಾರದಲ್ಲಿ ಮಾಡಿದ ಭಾಷಣ)



ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಭಂಡಾರ, ಬೆಂಡು-ಬತ್ತಾಸು ಮಾರುವವರ ಮುಂದೆಯೂ ಇಂದು ಮೊಬೈಲ್ ಇದೆ. ಗಿರಾಕಿಯ ಹಣ ಬಂತೋ ಇಲ್ಲವೋ ಅದೇ ಹೇಳಬೇಕು. ಆ ಗದ್ದಲದಲ್ಲಿ ಅದು ಕೈಕೊಟ್ಟರೆ ದಿನದ ವ್ಯಾಪಾರ ಮುಳುಗಿತು. ಆದಕಾರಣ ಯಂತ್ರದ ಮೂಲ ವ್ಯವಸ್ಥೆಯನ್ನು, ಎಂದರೆ ಆಪರೇಟಿಂಗ್ ಸಿಸ್ಟಮನ್ನು, ಯಾರೂ ಕದಲಿಸದಂತೆ ಭದ್ರಪಡಿಸಬೇಕೆಂಬ ವಾದವನ್ನು ನಾವು ತಳ್ಳಿಹಾಕುವಂತಿಲ್ಲ.

1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಸಾವಿರಾರು ಜನರ ದುಡಿಮೆಯ ಫಲ. ಅದರ ಒಳಬರಹ ಎಲ್ಲರಿಗೂ ತೆರೆದಿದೆ. ಅದರ ಮೇಲೆ ಕಟ್ಟಿದ ಫೆಡೋರಾ ಸಿಲ್ವರ್‌ಬ್ಲೂ ಎಂಬುದರಲ್ಲಿ ಮೂಲಭಾಗಕ್ಕೆ ಬೀಗವಿದೆ. ಹೊಸ ಆವೃತ್ತಿ ಇಡಿಯಾಗಿ ಬರುತ್ತದೆ. ಕೆಟ್ಟರೆ ಹಿಂದಿನದಕ್ಕೆ ಮರಳಬಹುದು. ನಡೆಯುವ ಮಗ್ಗದ ಹಲ್ಲುಗಾಲಿಗೆ ಕಂಡಕಂಡವರು ಕೈಹಾಕಬಾರದೆಂಬುದನ್ನು ಗಿರಣಿಯವರಿಗೆ ಬೇರೆ ಹೇಳಬೇಕೆ?

ಆದರೆ ಇನ್ನೊಂದು ಬಗೆಯ ಬೀಗವೂ ಇದೆ. ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಆದರೂ ಮೊದಮೊದಲು ಅನೇಕ ಫೋನುಗಳಲ್ಲಿ ಕನ್ನಡ ಅಕ್ಷರದ ಬದಲು ಬರಿಯ ಚೌಕಗಳು ಕಾಣುತ್ತಿದ್ದವು. ಕನ್ನಡ ಅಕ್ಷರಗಳ ಮುಕ್ತ ಫಾಂಟುಗಳು ಆಗಲೇ ಇದ್ದವು. ಅವನ್ನು ಇಡಬೇಕಾದ ಜಾಗಕ್ಕೆ ಬೀಗವಿತ್ತು. ಬೇಕಾದವರು ವಾರಂಟಿಯ ಆಸೆ ಬಿಟ್ಟು ಬೀಗ ಮುರಿದರು, ಉಳಿದವರು ಕಾದರು. 2012ರಲ್ಲಿ 4.1ನೆಯ ಆವೃತ್ತಿ ಬಂದಾಗಲೇ ಆ ವ್ಯವಸ್ಥೆ ಕನ್ನಡವನ್ನು ಬೆಂಬಲಿಸಿತು. ಕಾಸು ಕೊಟ್ಟು ಕೊಂಡ ಯಂತ್ರದಲ್ಲಿ ತನ್ನ ನುಡಿ ಓದಲು ಕಂಪನಿಯ ಅಪ್ಪಣೆ ಬೇಕೆಂದರೆ, ಅದನ್ನು ಭದ್ರತೆ ಎನ್ನಬೇಕೋ ಯಜಮಾನಿಕೆ ಎನ್ನಬೇಕೋ?

ಅಮೆರಿಕದಲ್ಲಿ ಟಿವೋ ಎಂಬ ಟೀವಿ ಪೆಟ್ಟಿಗೆಯೂ ಮುಕ್ತ ತಂತ್ರಾಂಶವನ್ನೇ ಬಳಸಿ, ಬಳಕೆದಾರ ತಿದ್ದಿದ್ದನ್ನು ಮಾತ್ರ ನಡೆಯಗೊಡಲಿಲ್ಲ. ಇಂಥದನ್ನು ತಡೆಯಲೆಂದೇ ರಿಚರ್ಡ್ ಸ್ಟಾಲ್ಮನ್ನರ ಸಂಸ್ಥೆ 2007ರಲ್ಲಿ ತನ್ನ ಪರವಾನಗಿಯ ಮೂರನೆಯ ಆವೃತ್ತಿಯನ್ನು ತಂದಿತು. ಲಿನಕ್ಸ್ ತಿರುಳು ಮಾತ್ರ ಎರಡನೆಯದರಲ್ಲೇ ಉಳಿಯಿತು.

"ನಮಗೆ ತಿದ್ದಲು ಬಾರದು, ಆ ಸ್ವಾತಂತ್ರ್ಯವೇಕೆ?" ಎಂದು ಕೆಲವರು ಕೇಳುತ್ತಾರೆ. ಊರಿನವರೆಲ್ಲ ಕಮ್ಮಾರರಾಗಬೇಕಿಲ್ಲ. ಆದರೆ ಇರುವ ಒಬ್ಬ ಕಮ್ಮಾರನ ಕೈ ಕಟ್ಟಿದರೆ ಊರ ನೇಗಿಲುಗಳೆಲ್ಲ ನಿಲ್ಲುತ್ತವೆ.

ಆದ್ದರಿಂದ ಅಂಗಡಿಗಾಗಲಿ ಸಂಘಕ್ಕಾಗಲಿ ಯಂತ್ರ ಕೊಳ್ಳುವಾಗ ಮೂರು ಮಾತು ಕೇಳಿರಿ: ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದೆ? ಒಡೆಯನಾದವನು ಬೀಗ ತೆಗೆಯಬಹುದೆ? ಇದರ ಕನ್ನಡವನ್ನು ನಮ್ಮವರು ಸರಿಪಡಿಸಬಹುದೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಬೀಗವಿದ್ದರೂ ಕೊಳ್ಳಿರಿ. ಎರಡನೆಯದಕ್ಕೆ ಅಲ್ಲವೆಂದರೆ, ಅದು ಎಷ್ಟೇ ಭದ್ರವಾಗಿರಲಿ, ನೀವು ಹಣ ಕೊಟ್ಟ ಬಾಡಿಗೆದಾರರೆಂದು ತಿಳಿಯಿರಿ.