ಬಹುಮಾನ ಮತ್ತು ಸಂಕಲ್ಪ

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಎಚ್.ಡಿ. ಕೋಟೆ ತಾಲೂಕುಗಳ ಯುವ ಬರಹಗಾರರ ಮುಂದೆ ಮಾಡಿದ ಭಾಷಣ)



ಕವಿತೆಯನ್ನು ಸ್ಪರ್ಧೆಗಾಗಿ ಬರೆಯಬೇಕೇ ಎಂಬ ಪ್ರಶ್ನೆ ಹೊಸದಲ್ಲ. ಇಸ್ಲಾಮಿಗೆ ಮುಂಚಿನ ಅರೇಬಿಯಾದಲ್ಲಿ ಉಕಾಝ್ ಸಂತೆ ಕಾವ್ಯಸ್ಪರ್ಧೆಗೆ ಹೆಸರಾಗಿತ್ತು. ಅಲ್ಲಿ ಕವಿ ನಾಬಿಗನಿಗಾಗಿ ಕೆಂಪು ಚರ್ಮದ ಡೇರೆ ಹಾಕಲಾಗುತ್ತಿತ್ತು, ಆತನ ತೀರ್ಪಿಗಾಗಿ ಕವಿಗಳು ಕಾದಿರುತ್ತಿದ್ದರು ಎಂದು ಅರಬೀ ಸಾಹಿತ್ಯ ಪರಂಪರೆ ಹೇಳುತ್ತದೆ. ಕವಿಯ ಗೆಲುವು ಗೋತ್ರದ ಅಹಂಕಾರವನ್ನು ಬೆಳೆಸುತ್ತಿತ್ತು. ಪವಿತ್ರ ಕುರ್‌ಆನಿನ 26ನೇ ಅಧ್ಯಾಯಕ್ಕೆ 'ಅಶ್ಶುಅರಾ', ಅಂದರೆ ಕವಿಗಳು ಎಂದೇ ಹೆಸರು. ಅದರ ಕೊನೆಯ ವಚನಗಳು ನುಡಿದಂತೆ ನಡೆಯದ ಕವಿಗಳನ್ನು ಖಂಡಿಸುತ್ತವೆ. ವಿಶ್ವಾಸವಿರಿಸಿ ಸತ್ಕರ್ಮಗೈದವರನ್ನು, ಅನ್ಯಾಯಕ್ಕೊಳಗಾದ ಬಳಿಕ ಅದನ್ನು ಎದುರಿಸಿದವರನ್ನು ಆ ಖಂಡನೆಯಿಂದ ಹೊರತುಪಡಿಸುತ್ತವೆ.

ಹಾಗಾದರೆ ಬಹುಮಾನವೇ ಕೆಟ್ಟದ್ದೇ? ಹಾಗೆನ್ನಲಾಗದು. ಕಅಬ್ ಬಿನ್ ಝುಹೈರ್(ರ) ಕವಿತೆ ಓದಿದಾಗ ಪ್ರವಾದಿ(ಸ)ರು ತಮ್ಮ ಹೊದಿಕೆಯನ್ನೇ ಅವರಿಗೆ ನೀಡಿದರೆಂಬುದು ಪ್ರಸಿದ್ಧ ವರದಿ. ಆದರೆ ಕಅಬ್ ಬಂದದ್ದು ಕ್ಷಮೆ ಯಾಚಿಸಲು. ಹೊದಿಕೆ ತಾನಾಗಿ ಬಂತು. ಕರ್ಮಗಳ ಬೆಲೆ ಸಂಕಲ್ಪವನ್ನು ಅವಲಂಬಿಸಿದೆ ಎಂಬುದು ಸಹೀಹ್ ಬುಖಾರಿಯ ಮೊದಲ ಹದೀಸ್. 'ವಿದ್ವಾಂಸ' ಎಂದು ಕರೆಸಿಕೊಳ್ಳಲೆಂದೇ ವಿದ್ಯೆ ಕಲಿತವನ ಪರಲೋಕದ ವಿಚಾರಣೆಯ ಕುರಿತು ಸಹೀಹ್ ಮುಸ್ಲಿಮಿನಲ್ಲಿ ವರದಿಯಿದೆ. ಲೋಕ ಆತನನ್ನು ಹಾಗೆ ಕರೆದಾಗಿದೆ. ಅಲ್ಲಿಗೆ ಆತನ ಲೆಕ್ಕ ಚುಕ್ತಾ. ಬರಹಗಾರನ ನಿದ್ದೆ ಕೆಡಿಸಬೇಕಾದ ಮಾತಿದು.

ಈಗ ನಮ್ಮ ನೆಲದ ಕಡೆಗೆ ಬರೋಣ. ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ನಿಮಗೆಲ್ಲ ಪರಿಚಿತ. ಅಲ್ಲಿ ಬಣ್ಣ ನೋಡಿ ದರ್ಜೆ ಕಟ್ಟುತ್ತಾರೆ. ಯಾವ ದರ್ಜೆಗೆ ಬೆಲೆಯುಂಟೋ ಆ ಬಣ್ಣ ಬರುವಂತೆ ರೈತ ಸೊಪ್ಪನ್ನು ಬೇಯಿಸುತ್ತಾನೆ. ಬೆಳೆಗೆ ಇದು ಸರಿ. ಆದರೆ ಕವಿತೆಯೂ ಹೀಗೆ ಬೇಯತೊಡಗಿದರೆ? ನಮ್ಮ ಸಮುದಾಯದ ಹುಡುಗ ಸ್ಪರ್ಧೆಗೆ ಬರೆಯುವಾಗ ಬಹಳ ಸಲ ಸೌಹಾರ್ದದ ಬಗ್ಗೆಯೇ ಬರೆಯುತ್ತಾನೆ, ನಾಡಪ್ರೇಮದ ಬಗ್ಗೆಯೇ ಬರೆಯುತ್ತಾನೆ. ಅವು ಒಳ್ಳೆಯ ವಿಷಯಗಳೇ. ಆದರೆ ತನ್ನಂಥವನಿಂದ ತೀರ್ಪುಗಾರರು ಇದನ್ನೇ ನಿರೀಕ್ಷಿಸುತ್ತಾರೆಂಬ ಅಳುಕಿನಿಂದ ಬರೆದಾಗ ಅದು ಕವಿತೆಯಾಗದು, ನಿಷ್ಠೆಯ ಪ್ರಮಾಣಪತ್ರವಾಗುತ್ತದೆ. ಬ್ಯಾರನ್ನಿನ ಬೆಂಕಿ ಕಾಯುತ್ತಾ ರಾತ್ರಿ ಕಳೆಯುವ ತಾಯಿ, ತಲಾಕಿನ ಬಳಿಕ ತವರಿಗೆ ಮರಳಿದ ಅಕ್ಕ, ಬಾಡಿಗೆ ಮನೆ ಕೇಳಿ ಬರಿಗೈಯಲ್ಲಿ ಹಿಂದಿರುಗಿದ ಅಣ್ಣ ಅವನ ಕವಿತೆಯೊಳಗೆ ಬರುವುದೇ ಇಲ್ಲ. ಸ್ಪರ್ಧೆಯಿಂದ ನಾವು ಕಳೆದುಕೊಳ್ಳುತ್ತಿರುವುದು ಇದನ್ನೇ.

ಇನ್ನು ಪ್ರಶಸ್ತಿಯ ವ್ಯಾಪಾರ. 'ರಾಜ್ಯಮಟ್ಟದ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ' ಎಂದು ತಿಳಿಸಿ, ನೋಂದಣಿಗೆ ಇಷ್ಟು, ಸ್ಮರಣಿಕೆಗೆ ಇಷ್ಟು ಎಂದು ಕವಿಯಿಂದಲೇ ವಸೂಲು ಮಾಡುವವರಿದ್ದಾರೆ. ಇದನ್ನು ಪ್ರಶಸ್ತಿ ಎನ್ನಬೇಡಿ, ಖರೀದಿ ಎನ್ನಿ.

ಕೃಷ್ಣರಾಜನಗರ ತಾಲೂಕಿನ ಕಪ್ಪಡಿ ಜಾತ್ರೆಯನ್ನು ನೆನೆಯಿರಿ. ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರು ತಲೆಮಾರುಗಳಿಂದ ಹಾಡುತ್ತಾ ಬಂದಿದ್ದಾರೆ. ಅವರ ವಿಶ್ವಾಸ ಬೇರೆ, ನಮ್ಮದು ಬೇರೆ. ಆದರೆ ಆ ಮಹಾಕಾವ್ಯ ಉಳಿದದ್ದು ಯಾವ ತೀರ್ಪುಗಾರರ ಅಂಕದಿಂದಲೂ ಅಲ್ಲ, ಹಾಡುವವರ ಮತ್ತು ಕೇಳುವವರ ಅಗತ್ಯದಿಂದ ಎಂಬುದನ್ನು ನಾವು ಮರೆಯಬಾರದು.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. 50,000 ಪೌಂಡಿನ ಆ ಬಹುಮಾನವನ್ನು ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ ಸಮನಾಗಿ ಹಂಚಲಾಯಿತು. ಆದರೆ ಆ ಕಥೆಗಳು ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡದಲ್ಲಿ ಬರೆಯಲ್ಪಟ್ಟವು. ಸ್ತ್ರೀಯರ ಮಸೀದಿ ಪ್ರವೇಶದ ಪರ ಮಾತನಾಡಿದ್ದಕ್ಕಾಗಿ 2000ರಲ್ಲಿ ಅವರು ಸಾಮಾಜಿಕ ಬಹಿಷ್ಕಾರ ಎದುರಿಸಿದ್ದರು. ಅಂದು ಅವರ ಕಥೆಗಳನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೆವು? ಲಂಡನ್ನಿನಲ್ಲಿ ಚಪ್ಪಾಳೆ ಬಿದ್ದ ಬಳಿಕವೇ ನಮ್ಮ ಕೈಗಳೂ ಮೇಲೆದ್ದರೆ, ಅದು ಸಾಹಿತ್ಯದ ಮೇಲಿನ ಪ್ರೀತಿಯಲ್ಲ, ಗೆಲುವಿನ ಮೇಲಿನ ಪ್ರೀತಿ.

ಪ್ರಶಸ್ತಿಯನ್ನು ಕೆಳಗಿಡಲೂ ಬರಬೇಕು. ಎಂ.ಎಂ. ಕಲಬುರ್ಗಿಯವರ ಹತ್ಯೆಯ ಬಳಿಕ, 2015ರಲ್ಲಿ, ದೇವನೂರ ಮಹಾದೇವರು ಪದ್ಮಶ್ರೀ ಮತ್ತು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗಳನ್ನು ಹಿಂದಿರುಗಿಸಿದರು. ಪ್ರಶಸ್ತಿ ಹೋಯಿತು, ಅವರ 'ಕುಸುಮಬಾಲೆ' ಎಲ್ಲಿಗೂ ಹೋಗಲಿಲ್ಲ.

ಆದ್ದರಿಂದ ಸ್ಪರ್ಧೆಗಳನ್ನು ಬಹಿಷ್ಕರಿಸಿರೆಂದು ನಾವು ಹೇಳುವುದಿಲ್ಲ. ಬಡ ಹುಡುಗಿಗೆ ಸಿಗುವ ಸಾವಿರ ರೂಪಾಯಿ, ಮೊದಲ ಮೈಕು, ಮೊದಲ ಓದುಗ ಸಣ್ಣ ಸಂಗತಿಗಳಲ್ಲ. ಬರೆದದ್ದನ್ನು ಸ್ಪರ್ಧೆಗೆ ಕಳುಹಿಸಿ, ಸ್ಪರ್ಧೆಗಾಗಿ ಬರೆಯಬೇಡಿ. ಹಿರಿಯರಲ್ಲಿಯೂ ಒಂದು ವಿನಂತಿ: ಮೀಲಾದ್ ಸಮಾರಂಭಗಳಲ್ಲಿ ದೊಡ್ಡವರು ಬರೆದುಕೊಟ್ಟದ್ದನ್ನು ಮಕ್ಕಳು ಒಪ್ಪಿಸಿ ಲೋಟ, ತಟ್ಟೆ ಗೆಲ್ಲುವ ಪದ್ಧತಿ ಸಾಕು. ಪ್ರತಿ ಜಮಾಅತ್ ತಿಂಗಳಿಗೊಮ್ಮೆ ಮಕ್ಕಳನ್ನು ಕೂರಿಸಿ, ಅವರೇ ಬರೆದದ್ದನ್ನು ಅಂಕವಿಲ್ಲದೆ, ಸ್ಥಾನವಿಲ್ಲದೆ ಕೇಳಲಿ. ಹೆಣ್ಣುಮಕ್ಕಳನ್ನೂ ಕೂರಿಸಲಿ. ಅವರ ನೋಟ್‌ಪುಸ್ತಕದ ಕೊನೆಯ ಪುಟದಲ್ಲಿರುವುದು ನಮಗೆ ಹಿತವಾಗದಿರಬಹುದು. ಕೇಳುವುದು ನಮ್ಮ ಹೊಣೆ.

ಅಲ್ಲಾಹನು ನಮ್ಮ ಸಂಕಲ್ಪಗಳನ್ನು ಶುದ್ಧಗೊಳಿಸಲಿ. ಆಮೀನ್.